ಅರ್ಥಿಂಗ್ ಇಲ್ಲದ ಚಪ್ಪರ

ಹೈ ವೋಲ್ಟೇಜ್ ಕರೆಂಟಿನ ದೊಡ್ಡ ಲೈನಿನ ಪಕ್ಕ ಮನೆ ಕೊಳ್ಳುವವರು ಇರುವ ತನಕ ಇಂಥ ಪ್ರಸಂಗಗಳಿಗೆ ನನಗೆ ಬರವಿಲ್ಲ. ಆ ಮನೆಗಳಲ್ಲಿ ಒಂದು ನನ್ನದೇ ಆಗಿರುವುದರಿಂದ ರಜೆಯ ದಿನವೂ ಬಿಡುವಿಲ್ಲ.

ನಾನು ಸಿಯಾಟಲ್ ಕಡೆಯ ಒಂದು ಕರೆಂಟ್ ಕಂಪನಿಯಲ್ಲಿ ಇಂಜಿನಿಯರು. "ನಮ್ಮ ಗೇಟು ಮುಟ್ಟಿದರೆ ಶಾಕ್ ಹೊಡೆಯುತ್ತೆ" ಎಂದು ಯಾರಾದರೂ ಫೋನ್ ಮಾಡಿದರೆ ಮೀಟರ್ ಹಿಡಿದುಕೊಂಡು ಹೋಗುವುದು ನನ್ನ ಕೆಲಸ. ವಿಷಯ ಬಹಳ ಸರಳ. ದೊಡ್ಡ ಲೈನಿನ ಹತ್ತಿರ ನೆಲಕ್ಕೆ ಸರಿಯಾಗಿ ತಗಲದೆ ನಿಂತ ಲೋಹದ ವಸ್ತು ಏನೇ ಇರಲಿ, ಬೇಲಿ, ಶೆಡ್ಡು, ಕಾರು, ಅದಕ್ಕೆ ಯಾವ ತಂತಿಯೂ ತಾಗದೆ ಸ್ವಲ್ಪ ವೋಲ್ಟೇಜ್ ತಾನಾಗಿ ಏರಿಕೊಂಡಿರುತ್ತದೆ. ಬೂಟು ಹಾಕಿಕೊಂಡವರು ಮುಟ್ಟಿದರೆ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಮುಟ್ಟಿದರೆ ಚುರ್ ಎನ್ನುತ್ತದೆ. ಸಾಮಾನ್ಯವಾಗಿ ಪ್ರಾಣಕ್ಕೇನೂ ಆಗುವುದಿಲ್ಲ, ಬೆಚ್ಚಿಬೀಳುತ್ತಾರೆ ಅಷ್ಟೇ. ಒಂದು ತಾಮ್ರದ ಸಲಾಕೆಯನ್ನು ನೆಲಕ್ಕೆ ಹೊಡೆದು, ಅಲ್ಲಿಂದ ಆ ವಸ್ತುವಿಗೆ ತಂತಿ ಕಟ್ಟಿ ಅರ್ಥಿಂಗ್ ಕೊಟ್ಟರೆ ಕಥೆ ಮುಗಿಯಿತು.

ಇಷ್ಟನ್ನು ಅರ್ಥ ಮಾಡಿಸಲು ಅಪರಿಚಿತರ ಮನೆಯಲ್ಲಿ ನನಗೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ನಮ್ಮವರ ಮಾತು ಬೇರೆ. ಇಲ್ಲಿಯ ಕನ್ನಡದವರು ಬಹುಪಾಲು ಸಾಫ್ಟ್‌ವೇರಿನವರು. ಪಾಟ್‌ಲಕ್ ಊಟಗಳಲ್ಲಿ ನನ್ನ ಕೆಲಸ ಏನೆಂದು ತಿಳಿದ ಕೂಡಲೇ "ಓ, ಕರೆಂಟ್ ಆಫೀಸಾ?" ಎಂದು ಪುಳಿಯೋಗರೆಯ ಕಡೆ ತಿರುಗಿಬಿಡುತ್ತಾರೆ. ಒಬ್ಬಾಕೆ ಮಾತ್ರ ಬಹಳ ಗೌರವದಿಂದ ಹತ್ತಿರ ಬಂದು ಮಾತಾಡಿಸಿದರು. ಮುಂದಿನ ಸಲ ಅವರು ಕೆಟ್ಟುಹೋದ ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು.

ಗ್ರೀನ್ ಬೆಲ್ಟ್

ಸಿಯಾಟಲ್ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ಮನೆ ನೋಡಲು ಹೋದಾಗ ಏಜೆಂಟಮ್ಮ ಹಿತ್ತಿಲ ಬಾಗಿಲು ತೆಗೆದು, "ಹಿಂದುಗಡೆ ಪೂರ್ತಿ ಗ್ರೀನ್ ಬೆಲ್ಟ್" ಎಂದಳು. ಹಸಿರೇನೋ ಇತ್ತು. ಆ ಹಸಿರಿನ ಮಧ್ಯೆ ಎತ್ತರದ ಕಂಬಗಳೂ ಇದ್ದವು, ಕಂಬಗಳ ಮೇಲೆ ನನ್ನ ಹೊಟ್ಟೆಪಾಡೂ ಇತ್ತು. "ರೀ, ಇದು ನಮ್ಮ ಲೈನು" ಎಂದೆ. ನಮ್ಮ ಯಜಮಾನರಿಗೆ ಕಂಬ ಕಾಣಲಿಲ್ಲ. "ಹಿಂದೆ ಯಾವತ್ತೂ ಮನೆ ಏಳಲ್ಲ ಕಣೇ. ಪ್ರೈವಸಿ ನೋಡು" ಎಂದರು. ಮನೆ ನಮ್ಮದಾಯಿತು.

ಆಮೇಲೆ ಇವರು ಹಿತ್ತಿಲಿನಲ್ಲಿ, ಬೇಲಿಗೆ ಒತ್ತಿಕೊಂಡ ಹಾಗೆ, ದೊಡ್ಡದೊಂದು ಅಲ್ಯೂಮಿನಿಯಂ ಚಪ್ಪರ ನಿಲ್ಲಿಸಿದರು. ಇವರ ಬಾಯಲ್ಲಿ ಅದು ಪರ್ಗೋಲ. ನೆಲದ ಕಲ್ಲಿಗೆ ಗೀರು ಬೀಳಬಾರದೆಂದು ಅದರ ಕಾಲುಗಳಿಗೆ ರಬ್ಬರ್ ಪಟ್ಟಿ ಬೇರೆ. ಇಡೀ ಚಪ್ಪರವೇ ಬೂಟು ಹಾಕಿಕೊಂಡು ನಿಂತಂತಾಯಿತು. ಇದಕ್ಕೆ ಅರ್ಥಿಂಗ್ ಕೊಡಿಸಬೇಕು ಎಂದೆ. "ಮಾರಿದವರು ಬೇಡ ಅಂದಿದಾರೆ. ಅದಕ್ಕೆ ತೂತು ಗೀತು ಹಾಕಿದ್ರೆ ವಾರಂಟಿ ಹೋಗುತ್ತೆ" ಎಂದರು.

ಬೇಸಿಗೆಗೆ ಹಾಸನದಿಂದ ಅತ್ತೆ ಬಂದರು. ಇಲ್ಲಿ ಕಾರಿಲ್ಲದೆ ಒಂದು ಸೊಪ್ಪಿನ ಕಟ್ಟೂ ತರಲಾಗುವುದಿಲ್ಲ. ಡ್ರೈವಿಂಗ್ ಬಾರದ ಅತ್ತೆಗೆ ಹೊರಗಿನ ಪ್ರಪಂಚ ಎಂದರೆ ಆ ಹಿತ್ತಿಲು ಒಂದೇ. ಬಂದ ವಾರವೇ ಚಪ್ಪರದ ಕೆಳಗೆ ತುಳಸಿ ಕುಂಡ ಇಟ್ಟುಕೊಂಡರು, ಸೀರೆ ಒಣಹಾಕಲು ಎರಡು ಕಂಬದ ನಡುವೆ ಹಗ್ಗ ಕಟ್ಟಿಕೊಂಡರು. ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತು ಚಪ್ಪರದ ಕಂಬ ಹಿಡಿದರು. "ಅಯ್ಯೋ, ಏನೋ ಕಚ್ಚಿದಂಗಾಯ್ತು ಕಣೋ!"

ಮಗ ಓಡಿಬಂದರು, ದಪ್ಪ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು. ಕಂಬ ಮುಟ್ಟಿದರು. ತಟ್ಟಿದರು. ತಬ್ಬಿಕೊಂಡೂ ನೋಡಿದರು. "ಏನೂ ಇಲ್ವಲ್ಲಮ್ಮ. ನಿನ್ನ ನರ ವೀಕಾಗಿದೆ."

ನಾನು ಮೀಟರ್ ತಂದು ತೋರಿಸಿದೆ. "ಮೀಟರ್ ಸರಿ ಇದೆಯಾ ನೋಡು" ಎಂದರು. ನಾನೇ ಅಂಗಡಿಗೆ ಹೋಗಿ ತಾಮ್ರದ ಸಲಾಕೆ ತಂದಿಟ್ಟೆ. ಅದನ್ನು ರಿಟರ್ನ್ ಮಾಡಿಬಂದರು. ಅತ್ತೆಯನ್ನು ಮಾತ್ರ ಡಾಕ್ಟರ ಹತ್ತಿರ, ಆಮೇಲೆ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಶುರುವಾಯಿತು. ಅತ್ತೆ ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟು, ಗಾಜಿನ ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ತುಳಸಿಯನ್ನು ನೋಡುತ್ತಾ ಕೂರತೊಡಗಿದರು. ಹತ್ತಿರ ಕೂತು ಹೇಳಿದೆ, "ಅತ್ತೆ, ನಿಮಗೆ ಯಾವ ಕಾಯಿಲೆನೂ ಇಲ್ಲ. ಅದು ಲೈನಿಂದ ಬರೋ ಶಾಕು. ಒಂದು ಸಲಾಕೆ ಹೊಡೆದ್ರೆ ಹೋಗುತ್ತೆ."

"ನನ್ನ ದೆಸೆಯಿಂದ ನೀವಿಬ್ರೂ ಕಿತ್ತಾಡಬೇಡಿ. ಅವನು ಅಷ್ಟು ಓದಿದಾನೆ, ಸುಮ್ಮನೆ ಹೇಳ್ತಾನಾ?"

"ನಾನೂ ಓದಿದೀನಲ್ಲ ಅತ್ತೆ."

ಅತ್ತೆ ನನ್ನ ಕೈ ಸವರಿ, ಬಹಳ ಸಮಾಧಾನದಿಂದ ಹೇಳಿದರು: "ನೀನು ಓದಿರೋದು ಕರೆಂಟು ಕಣಮ್ಮ. ಇದು ನರ."

ಬೂಟು ಬಿಚ್ಚಿದ ಅಜ್ಜ

ಅದೇ ಬೇಸಿಗೆಯಲ್ಲಿ ಒಬ್ಬ ಅಮೆರಿಕನ್ ಅಜ್ಜನ ಮನೆಯಿಂದ ದೂರು ಬಂತು. ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ಉದ್ದನೆಯ ಪ್ರವಾಸದ ವ್ಯಾನನ್ನು ಅವರು ಲೈನಿನ ಕೆಳಗಿನ ಹುಲ್ಲಿನಲ್ಲಿ ನಿಲ್ಲಿಸಿದ್ದರು. ನಾನು ಕಂಪನಿಯ ಲಾರಿಯಿಂದ ಇಳಿದೆ. ಇನ್ನೊಂದು ಬಾಗಿಲಿಂದ ಡ್ರೈವರ್ ಇಳಿದ, ನೋಡಲು ಎತ್ತರದ ಆಳು. ಅಜ್ಜ ನೇರವಾಗಿ ಹೋಗಿ ಅವನ ಕೈ ಕುಲುಕಿದರು. "ಇಂಜಿನಿಯರೇ, ದೂರು ನಂದಲ್ಲ, ನನ್ನ ಹೆಂಡತಿದು. ಅವಳಿಗೆ ಸುಮ್ಮಸುಮ್ಮನೆ ಕಿರುಚೋ ಅಭ್ಯಾಸ."

ಡ್ರೈವರ್ ನನ್ನ ಕಡೆ ಬೆರಳು ಮಾಡಿದ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಈ ಸಲ ಒಂದೊಂದೇ ಪದ ಬಿಡಿಸಿ, ಜೋರಾಗಿ, ನನಗೆ ಅರ್ಥವಾಗುವ ಹಾಗೆ.

ವ್ಯಾನಿನ ಚಕ್ರಗಳ ಕೆಳಗೆ ಪ್ಲಾಸ್ಟಿಕ್ ದಿಮ್ಮಿಗಳನ್ನು ಕೊಟ್ಟಿದ್ದರು. ಅಜ್ಜನ ಕಾಲಲ್ಲಿ ದಪ್ಪ ಬೂಟು. ಅಜ್ಜಿ ಬರಿಗಾಲಲ್ಲಿ ಗಿಡಕ್ಕೆ ನೀರು ಹಾಕುತ್ತಾ, ಯಾರ ಕಡೆಯೂ ನೋಡದೆ ನಿಂತಿದ್ದರು. ನನಗೆ ಮೀಟರ್ ತೆಗೆಯಬೇಕು ಎಂದೇ ಅನ್ನಿಸಲಿಲ್ಲ. "ಸರ್, ಬೂಟು ಕಾಲುಚೀಲ ಬಿಚ್ಚಿ, ಆ ಒದ್ದೆ ಜಾಗದಲ್ಲಿ ನಿಂತು ಬಾಗಿಲು ತೆಗೀರಿ" ಎಂದೆ. ಅಜ್ಜ ನಕ್ಕು, ಬೂಟು ಬಿಚ್ಚಿ, ಹಿಡಿಗೆ ಕೈ ಹಾಕಿದರು. ಹಾಕಿದವರೇ ಹಾರಿ ಹಿಂದೆ ಬಂದು ಡ್ರೈವರನ ಮೇಲೆ ಬಿದ್ದರು. ಅವರ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಜ್ಜಿ ನೀರಿನ ಪೈಪನ್ನು ನಿಧಾನವಾಗಿ ಕೆಳಗಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು, "ಇವತ್ತೇ ಸರಿ ಮಾಡಲೇಬೇಕಾ? ಒಂದು ವಾರ ಬಿಟ್ಟು ಬನ್ನಿ."

ರಾತ್ರಿ ಊಟಕ್ಕೆ ಕೂತಾಗ ಈ ಕಥೆ ಹೇಳಿದೆ. ನಮ್ಮ ಯಜಮಾನರಿಗೆ ನಕ್ಕು ನಕ್ಕು ಸಾರು ನೆತ್ತಿಗೇರಿತು. "ಪಾಪ, ಆ ಹೆಂಗಸು! ಕಟ್ಟಿಕೊಂಡ ಹೆಂಡ್ತಿ ಮಾತು ನಂಬಲ್ಲ ಅಂದ್ರೆ ಎಂಥ ಮನುಷ್ಯ ಅವನು!"

"ಸರಿ, ನೀವೂ ಚಪ್ಪಲಿ ಬಿಟ್ಟು ಹಿತ್ತಿಲಿಗೆ ಬನ್ನಿ" ಎಂದೆ.

"ಈಗಲಾ? ಶೀತ ಆಗುತ್ತೆ."

ಪುಕ್ಕಟೆ ಚಾರ್ಜು

ಇವರ ಸ್ನೇಹಿತರೊಬ್ಬರು ಕರ್ಕ್‌ಲ್ಯಾಂಡಿನ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಅವರದು ಎಲೆಕ್ಟ್ರಿಕ್ ಕಾರು. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವರು, ಚಪ್ಪರದ ಕೆಳಗೆ ಬೂಟು ಹಾಕಿಕೊಂಡೇ ಕೂತು ಲೈನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಮೇಡಂ, ಲೈನ್ ಕೆಳಗೆ ಕಾರು ನಿಲ್ಲಿಸಿದ್ರೆ ಅದಕ್ಕೆ ವೋಲ್ಟೇಜ್ ಬರುತ್ತಂತೆ, ಹೌದಾ?"

ಸಂತೋಷವಾಯಿತು. ನನ್ನ ಮನೆಯಲ್ಲಿ ನನ್ನ ವಿಷಯ ನನ್ನನ್ನೇ ಕೇಳಿದವರು ಅವರೊಬ್ಬರೇ. ಬರುತ್ತೆ, ಆದರೆ ಮುಟ್ಟಿದರೆ ಚುರ್ ಅನ್ನುವಷ್ಟು, ಅದರಲ್ಲಿ ಒಂದು ಬಲ್ಬೂ ನೆಟ್ಟಗೆ ಉರಿಯಲ್ಲ, ಬ್ಯಾಟರಿ ಚಾರ್ಜ್ ಆಗುವ ಮಾತೇ ಇಲ್ಲ ಎಂದು ವಿವರವಾಗಿ ಹೇಳಿದೆ. ಅವರು ತಲೆಯಾಡಿಸಿದರು. ನಮ್ಮ ಯಜಮಾನರೂ ಪಕ್ಕದಲ್ಲೇ ಇದ್ದು ತಲೆಯಾಡಿಸಿದರು. ಇಬ್ಬರೂ ಕೇಳಿಸಿಕೊಂಡದ್ದು "ಬರುತ್ತೆ" ಎನ್ನುವುದೊಂದನ್ನೇ.

ಮುಂದಿನ ಶನಿವಾರ ಆ ಸ್ನೇಹಿತರು ಲೈನಿನ ಕೆಳಗಿನ ವಾಕಿಂಗ್ ದಾರಿಯ ಪಕ್ಕ ಕಾರು ನಿಲ್ಲಿಸಿ, ಸೆಕೆಯೆಂದು ಏಸಿ ಹಾಕಿಕೊಂಡು, ಒಳಗೆ ಕೂತು ಬ್ಯಾಟರಿ ಏರುವುದನ್ನು ಕಾದರು. ಮೊದಲೇ ಕಡಿಮೆ ಇದ್ದ ಬ್ಯಾಟರಿ. ನಡುವೆ ಒಮ್ಮೆ ಬರಿಗಾಲಲ್ಲಿ ಇಳಿದು ಬಾಗಿಲು ಮುಟ್ಟಿದಾಗ ಚುರ್ ಎಂದಿತಂತೆ. "ಚಾರ್ಜ್ ಆಗ್ತಿದೆ!" ಎಂದು ನಮ್ಮ ಯಜಮಾನರಿಗೆ ಮೆಸೇಜು ಹಾಕಿದರು. ಇವರು ಹೆಬ್ಬೆರಳು ಎತ್ತಿ ಉತ್ತರ ಕೊಟ್ಟರು. ಸಂಜೆ ಹೊತ್ತಿಗೆ ಬ್ಯಾಟರಿ ಪೂರ್ತಿ ಇಳಿದು ಕಾರು ಕದಲದಾಯಿತು. ಎಳೆದುಕೊಂಡು ಹೋಗುವ ಲಾರಿ ಬರುವ ತನಕ ಅವರ ಜೊತೆ ಇರಲು ನಾನೂ ಇವರೂ ಹೋದೆವು. ಹೇಳಿರಲಿಲ್ಲವಾ ಎಂದು ಕೇಳುವ ಆಸೆ ಗಂಟಲ ತನಕ ಬಂದಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರು ಸಿಟ್ಟಿನಿಂದ ಕೇಳಿದರು:

"ಏನ್ ಮೇಡಂ, ಇವತ್ತು ನಿಮ್ಮ ಲೈನ್‌ನಲ್ಲಿ ಕರೆಂಟೇ ಇರಲಿಲ್ವಾ?"

ಡಬ್ಬದ ಮಹಿಮೆ

ನಮ್ಮ ಕಡೆ ಬಾಡಿಗೆ ಕಟ್ಟಡದಲ್ಲಿ ಒಂದು ಸಣ್ಣ ದೇವಸ್ಥಾನ ಇದೆ. ಅದರ ಹಿಂದೆಯೂ ಇದೇ ಲೈನು. ಉತ್ಸವದ ದೀಪ, ಕೊಳಗ, ಕುರ್ಚಿ ತುಂಬಿಡಲು ಹಡಗಿನಲ್ಲಿ ಬರುವಂಥ ದೊಡ್ಡ ಕಬ್ಬಿಣದ ಡಬ್ಬವೊಂದನ್ನು ಹಿಂದುಗಡೆ ಮರದ ದಿಮ್ಮಿಗಳ ಮೇಲೆ ಇಟ್ಟಿದ್ದರು. ಪಕ್ಕದಲ್ಲೇ ಕಾಲು ತೊಳೆಯುವ ನಲ್ಲಿ. ಹಾಗಾಗಿ ಅಲ್ಲಿಗೆ ಬರುವವರೆಲ್ಲ ಬರಿಗಾಲು, ಒದ್ದೆಗಾಲು.

ಯಾರೋ ಒಬ್ಬಾಕೆ ಆಸರೆಗೆಂದು ಡಬ್ಬ ಹಿಡಿದಿದ್ದಾರೆ, ಮೈ ಜುಮ್ಮೆಂದಿದೆ. ಪಕ್ಕದವರೂ ಮುಟ್ಟಿದ್ದಾರೆ, ಅವರಿಗೂ ಜುಮ್ಮೆಂದಿದೆ. ಮುಂದಿನ ವಾರ ಡಬ್ಬಕ್ಕೆ ಕುಂಕುಮ ಬಿತ್ತು. ಅದರ ಮುಂದಿನ ವಾರ ಹೂವಿನ ಹಾರ. ಆಮೇಲೆ ಪ್ರದಕ್ಷಿಣೆ ಶುರುವಾಯಿತು. ಪ್ರದಕ್ಷಿಣೆ ಹಾಕಿದವರಲ್ಲಿ ನಮ್ಮ ಯಜಮಾನರೂ ಇದ್ದರು. ಮನೆಗೆ ಬಂದು, "ಏನೋ ವೈಬ್ರೇಷನ್ ಇದೆ ಕಣೇ ಅಲ್ಲಿ. ಕೈಯಿಂದ ಭುಜದ ತನಕ ಬಂತು" ಎಂದರು.

"ಅತ್ತೆಗೆ ಹಿತ್ತಿಲಲ್ಲಿ ಆಗಿದ್ದೂ ಅದೇ ಅಲ್ವೇನ್ರಿ?"

ಇವರು ನನ್ನ ಕಡೆ ಕನಿಕರದಿಂದ ನೋಡಿದರು. "ಅದು ನರ. ಇದು ದೇವಸ್ಥಾನ."

ಕೊನೆಗೆ ಪೂಜೆಯ ಭಟ್ಟರೇ ನನಗೆ ಗುಟ್ಟಾಗಿ ಫೋನ್ ಮಾಡಿದರು. "ಅಮ್ಮ, ನೀವು ಕರೆಂಟ್ ಕಂಪನಿಯವರಂತೆ. ಒಳಗಿರೋ ಸ್ವಾಮಿಗಿಂತ ಹೊರಗಿರೋ ಡಬ್ಬಕ್ಕೆ ಜನ ಜಾಸ್ತಿ ಆಗಿದಾರೆ. ಮಂಗಳಾರತಿ ಹೊತ್ತಿಗೆ ಒಳಗೆ ನಾನೊಬ್ಬನೇ ಇರ್ತೀನಿ. ಏನಾದ್ರೂ ಮಾಡಿ."

ನಮ್ಮ ಕಂಪನಿಯ ಹುಡುಗರನ್ನು ಕರೆದುಕೊಂಡು ಹೋಗಿ, ಸಲಾಕೆ ಹೊಡೆಸಿ, ತಂತಿ ಕಟ್ಟಿಸಿದೆ. ಭಟ್ಟರು ಪಕ್ಕದಲ್ಲೇ ನಿಂತು ಎಲ್ಲ ಕೇಳಿ ತಿಳಿದುಕೊಂಡರು. ಯಾಕೆ ಬರುತ್ತೆ, ಮರದ ದಿಮ್ಮಿ ಇದ್ದರೆ ಏನಾಗುತ್ತೆ, ಬರಿಗಾಲಿಗೇ ಯಾಕೆ. ತಂತಿ ಕಟ್ಟುವ ಮುಂಚೆ ಒಮ್ಮೆ, ಕಟ್ಟಿದ ಮೇಲೆ ಒಮ್ಮೆ ತಾವೇ ಮುಟ್ಟಿ ನೋಡಿದರು. ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿದವರನ್ನು ಕಂಡು ನನಗೆ ಅಳುವೇ ಬಂದಂತಾಯಿತು.

ಮುಂದಿನ ಭಾನುವಾರ ಒಬ್ಬಾಕೆ ನನ್ನನ್ನು ಬಾಗಿಲಲ್ಲೇ ತಡೆದರು. "ಡಬ್ಬದ ಶಕ್ತಿ ತೆಗೆಸಿದವರು ನೀವೇ ಅಲ್ವಾ?" ಶಕ್ತಿ ಅಲ್ಲ ಎಂದು ಮೊದಲಿನಿಂದ ವಿವರಿಸಿದೆ. ಆಕೆ ಪೂರ್ತಿ ಕೇಳಿದರು. ಕೇಳಿ, ಅತ್ತ ಇತ್ತ ನೋಡಿ, ಪಿಸುದನಿಯಲ್ಲಿ ಅಂದರು:

"ಆ ತಂತಿ ಬಿಚ್ಚಿದ್ರೆ ವಾಪಸ್ ಬರುತ್ತಾ?"

ಚಪ್ಪರದ ಕೆಳಗೆ ಸತ್ಯನಾರಾಯಣ

ಇಷ್ಟಾದರೂ ಅತ್ತೆಯ ಮಾತ್ರೆ ನಿಲ್ಲಲಿಲ್ಲ. ಬೇಸಿಗೆ ಮುಗಿಯುತ್ತಾ ಬಂದಿತ್ತು. ಅತ್ತೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ತಮ್ಮ ಕೈಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ, "ನನ್ನ ಟಿಕೆಟ್ ಇನ್ನೂ ಬೇಗಕ್ಕೆ ಮಾಡಿಸಿಬಿಡು ಕಣೋ, ಹಾಸಿಗೆ ಹಿಡಿಯೋ ಮುಂಚೆ ಊರು ಸೇರ್ಕೋತೀನಿ" ಎನ್ನತೊಡಗಿದರು. ಒಂದು ಸಲಾಕೆಯಿಂದ ಹೋಗುವ ವಿಷಯಕ್ಕೆ ಗಟ್ಟಿಮುಟ್ಟಾದ ಹೆಂಗಸೊಬ್ಬರು ರೋಗಿಯಾಗಿ ಕೂತಿದ್ದರು. ನೋಡಲಾಗುತ್ತಿರಲಿಲ್ಲ.

ಯಜಮಾನರಿಗೂ ಚಿಂತೆ ಹತ್ತಿತು. ಚಿಂತೆ ಮಾಡಿ ಒಂದು ಪರಿಹಾರ ಕಂಡುಕೊಂಡರು. ಅಮ್ಮನ ನರ ಸರಿಹೋಗಲೆಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಲ್ಲಿ? ಬಿಸಿಲು ಚೆನ್ನಾಗಿದೆಯಲ್ಲ, ಚಪ್ಪರದ ಕೆಳಗೆ.

ಜನ ಸೇರಿದರು. ಲೈನಿನಲ್ಲಿ ಕರೆಂಟ್ ಇಲ್ಲ ಎಂದಿದ್ದ ಸ್ನೇಹಿತರೂ ಬಂದಿದ್ದರು. ಅತ್ತೆ ಒಳ್ಳೆಯ ಸೀರೆ ಉಟ್ಟು, ಚಪ್ಪರದಿಂದ ದೂರಕ್ಕೆ ಕುರ್ಚಿ ಹಾಕಿಸಿಕೊಂಡು, ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತರು. ಅದೇ ಭಟ್ಟರು ಬಂದರು. ಕಾಲು ತೊಳೆದುಕೊಂಡು, ಒದ್ದೆ ಹುಲ್ಲು ತುಳಿದು, ಮಾವಿನೆಲೆಯ ತೋರಣ ಕಟ್ಟಲು ಕಂಬಕ್ಕೆ ಕೈ ಹಾಕಿದರು.

"ನಾರಾಯಣಾ!" ಎಂದು ಕೂಗಿ ಕೈ ಕಿತ್ತುಕೊಂಡರು. ಪೂಜೆ ಶುರುವಾಯಿತೆಂದು ಎಲ್ಲರೂ ಕೈ ಮುಗಿದರು.

ಭಟ್ಟರು ತಲೆಯೆತ್ತಿ ಲೈನು ನೋಡಿದರು. ಬಗ್ಗಿ ಚಪ್ಪರದ ಕಾಲಿನ ರಬ್ಬರು ನೋಡಿದರು. ಆಮೇಲೆ ಇವರ ಕಡೆ ತಿರುಗಿದರು. "ಏನ್ ಸ್ವಾಮಿ, ಇದಕ್ಕೆ ಅರ್ಥಿಂಗ್ ಕೊಡಿಸಿಲ್ವಾ?"

"ಕೊಡಿಸಬೇಕಾ ಭಟ್ರೇ?"

"ಮತ್ತೆ? ಇಂಥ ಲೈನ್ ಪಕ್ಕ! ಮೊದಲು ಅದನ್ನ ಮುಗಿಸಿ, ಆಮೇಲೆ ಸಂಕಲ್ಪ."

ನಾನು ಕಣ್ಣಾರೆ ನೋಡಿರದಿದ್ದರೆ ನಂಬುತ್ತಿರಲಿಲ್ಲ. ನಮ್ಮ ಯಜಮಾನರು ಉಟ್ಟ ಮಡಿಪಂಚೆಯಲ್ಲೇ ಕಾರು ಹತ್ತಿದರು. ಕಲಶ ಕಾಯಿತು, ಜನ ಕಾದರು, ನೈವೇದ್ಯದ ಸಪಾದ ಆರಿತು. ರಿಟರ್ನ್ ಮಾಡಿದ ಅದೇ ಅಂಗಡಿಯಿಂದ ಅಂಥದೇ ಸಲಾಕೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಪಂಚೆ ಎತ್ತಿ ಕಟ್ಟಿ, ಶಲ್ಯ ಸೊಂಟಕ್ಕೆ ಸುತ್ತಿ, ಸುತ್ತಿಗೆಯಿಂದ ಹೊಡೆದರು. ಕಂಬಕ್ಕೆ ತೂತು ಕೊರೆದು ತಂತಿ ಕಟ್ಟಿದರು. ವಾರಂಟಿಯ ಮಾತು ಯಾರೂ ಎತ್ತಲಿಲ್ಲ. ಭಟ್ಟರು ಮತ್ತೆ ಕಂಬ ಮುಟ್ಟಿ, "ಈಗ ಸರಿ" ಎಂದರು. ಇವರು ಬೆವರು ಒರೆಸಿಕೊಂಡು, ನೆರೆದವರೆಲ್ಲರ ಮುಂದೆ ನನ್ನ ಕಡೆ ತಿರುಗಿದರು:

"ನೋಡು, ಭಟ್ರಿಗೆ ಎಷ್ಟು ತಿಳಿದಿದೆ! ನೀನೂ ಇದೇ ಫೀಲ್ಡ್‌ನಲ್ಲಿ ಇದೀಯ, ಸ್ವಲ್ಪ ಕಲಿ."

ನನ್ನ ಕೈಯಲ್ಲಿ ಆರತಿ ತಟ್ಟೆ ಇತ್ತು. ಇರದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ಭಟ್ಟರಿಗೆ ಮುಜುಗರವಾಯಿತು. "ಅಯ್ಯೋ, ನನಗೇನು ಗೊತ್ತು ಸ್ವಾಮಿ! ದೇವಸ್ಥಾನದಲ್ಲಿ ಇದನ್ನೆಲ್ಲ ನನಗೆ ಹೇಳಿಕೊಟ್ಟವರೇ ನಿಮ್ಮ ಮನೆಯವರು."

ಯಜಮಾನರು ಒಮ್ಮೆ ನನ್ನನ್ನೂ ಒಮ್ಮೆ ಭಟ್ಟರನ್ನೂ ನೋಡಿದರು. ಮುಖದಲ್ಲಿ ನಿಜವಾದ ಆಶ್ಚರ್ಯ.

"ಹೌದಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ ನೀನು?"

ಅಷ್ಟರಲ್ಲಿ ಅತ್ತೆ ಎದ್ದು ಬಂದಿದ್ದರು. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಸೆರಗಿನಿಂದ ಕೈ ಬಿಡಿಸಿಕೊಂಡು, ಒಂದು ಬೆರಳು ಕಂಬಕ್ಕೆ ತಾಗಿಸಿದರು. ಏನೂ ಆಗಲಿಲ್ಲ. ಇಡೀ ಅಂಗೈ ಇಟ್ಟರು. ಎರಡೂ ಕೈಯಿಂದ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ನನ್ನ ಕಡೆ ನೋಡಿದರು. ನೀನು ಹೇಳಿದ್ದೇ ನಿಜ ಎನ್ನುವ ಆ ನೋಟಕ್ಕೆ ನಾನು ಇಡೀ ಬೇಸಿಗೆ ಕಾದಿದ್ದೆ. ಆಮೇಲೆ ಮಗನ ಕಡೆ ನೋಡಿದರು, ಕಡೆಗೆ ಭಟ್ಟರ ಕಡೆ ತಿರುಗಿ ಕೈ ಮುಗಿದರು.

"ಭಟ್ರೇ, ಹೇಗೂ ಬಂದಿದೀರಿ. ನನಗೆ ನರದ ಕಾಯಿಲೆ ಇಲ್ಲ ಅಂತ ಇವನಿಗೆ ಒಂದು ಮಾತು ಹೇಳಿಬಿಡಿ. ನಾವು ಹೆಂಗಸರು ಹೇಳಿ ಸಾಕಾಗಿದೆ."

ಭಟ್ಟರು ಗಂಟಲು ಸರಿಮಾಡಿಕೊಂಡು, ಮಂತ್ರ ಹೇಳುವ ದನಿಯಲ್ಲಿ, "ನಿಮ್ಮ ತಾಯಿಗೆ ಯಾವ ಕಾಯಿಲೆಯೂ ಇಲ್ಲ" ಎಂದರು.

ಯಜಮಾನರು ಅಕ್ಷತೆ ತಲೆಗೆ ಹಾಕಿಕೊಂಡು ನಂಬಿದರು.